ಸಹಾಯ ಬೇಕು: ಬೀಟಲ್-ಬೂಸ್ಟರ್ ಜೋಡಿಯ ಕಾಮಿಕ್ಸ್‌ನ ಎರಡನೇ ಭಾಗ ಬೆಳಗಾವ್ಯಾಗ ಯಾರ ಕಡೆ ಐತಿ?

ಎಲ್ಲಾರಿಗೂ ನಮಸ್ಕಾರ್ರೀ. 2003ರಾಗ ಡಿಸಿ ಕಾಮಿಕ್ಸ್‌ನವರು ತಂದ ‘ಫಾರ್ಮರ್ಲಿ ನೋನ್ ಆ್ಯಸ್ ದಿ ಜಸ್ಟಿಸ್ ಲೀಗ್’ ಆರೂ ಸಂಚಿಕೆ ನನ್ನ ಕಡೆ ಅದಾವ. ಕಥಿ ಬರ್ದ ಗಿಫೆನ್, ಡಿಮ್ಯಾಟಿಸ್, ಚಿತ್ರ ಬರ್ದ ಮಗ್ವೈರ್, 1987ರಾಗ ಜಸ್ಟಿಸ್ ಲೀಗ್ ಅನ್ನೂ ಸೂಪರ್‌ಹೀರೋ ತಂಡದ ಕಾಮಿಕ್ಸ್ ಮಾಡಿದ ಮೂವರೂ ಮತ್ತ ಕೂಡಿದ್ರು. ಕಥಿ ಏನ್ ದೊಡ್ಡದಲ್ಲ ಬಿಡ್ರಿ. ಆ ತಂಡ ನಡಸ್ತಿದ್ದ ಮ್ಯಾಕ್ಸ್‌ವೆಲ್ ಲಾರ್ಡ್ ಹಳೇ ಹೀರೋಗಳನ್ನ ಗೋಳೆ ಮಾಡಿ, ನ್ಯೂಯಾರ್ಕಿನ ಕ್ವೀನ್ಸ್‌ದಾಗ ಅಂಗಡಿ ಸಾಲಿನ್ಯಾಗ ಆಫೀಸ್ ತೆಗೀತಾನ. ಮಜಾ ಎಲ್ಲಾ ಮಗ್ವೈರ್ ಬರ್ದ ಮಾರಿಗಳೊಳಗ! ಬೀಟಲ್, ಬೂಸ್ಟರ್ ಅನ್ನೂ ಹೀರೋ ಜೋಡಿ ಕಚ್ಚಾಡೂ ಮುಂದ ಹುಬ್ಬು ಒಂದೀಟ ಏರಿದ್ರೂ ನಗು ತಡಿಯಂಗಿಲ್ಲ. ಈಗಿನ ಹೀರೋಗಳು ನಗೂದ ಮರತಾರ, ನನ್ನ ಕೇಳಿದ್ರ.

ನನಗ ಬೇಕಾಗಿದ್ದು ಮುಂದಿನ ಭಾಗ, ಅದ ತಂಡದ ಫೈರ್ ತನ್ನ ಸತ್ತ ಗೆಳತಿ ಐಸ್‌ನ ನರಕದಾಗ ನೋಡ್ತಾಳಲ್ರಿ, ಅದು. 2005ರಾಗ ‘ಜೆಎಲ್‌ಎ ಕ್ಲಾಸಿಫೈಡ್’ ಅನ್ನೂ ಕಾಮಿಕ್ಸ್‌ನ 4ರಿಂದ 9ನೇ ಸಂಚಿಕೆ ತನಕ ಬಂದೈತಿ, ಆಮ್ಯಾಲೆ ಒಂದ ಪುಸ್ತಕನೂ ಆತು. ಯಾವುದಿದ್ರೂ ನಡೀತೈತಿ. (ಅದ 2005ರಾಗ ಮ್ಯಾಕ್ಸ್ ಕೈಲೇನ ಬೀಟಲ್‌ನ ಕೊಲ್ಲಿಸಿದ್ರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.)

ಖಡೇಬಜಾರದಾಗ ಕೇಳ್ಯಾಗೇತಿ, ಸಿಗ್ಲಿಲ್ಲ. ಪುಣೆಕ್ಕ ಹೋಗೋರಿದ್ರ ಅಪ್ಪಾ ಬಳವಂತ ಚೌಕದಾಗ ಒಮ್ಮೆ ನೋಡ್ರೆಲಾ, ರೊಕ್ಕ ಮದಲ ಕಳಸ್ತೀನಿ. ಮನ್ಯಾಗ ಇಟ್ಟೋರು ಎರವಲು ಕೊಟ್ರೂ ಸಾಕು; ಟಿಳಕವಾಡಿ, ಶಹಾಪುರ, ಎಲ್ಲಿದ್ರೂ ನಾನ ಬಂದು ಒಯ್ತೀನಿ. ಪುಟ ಮಡಚಂಗಿಲ್ಲ, ಚಹಾ ಕಪ್ಪು ಮ್ಯಾಲ ಇಡಂಗಿಲ್ಲ. ಮೊಬೈಲ್‌ನ್ಯಾಗಿನ ಪಿಡಿಎಫ್ ಮಾತ್ರ ಬ್ಯಾಡ್ರಿ.