ಒಂದೇ ಹಲ್ಲಿನಿಂದ ಮೆಗಲಡಾನ್ ಶಾರ್ಕಿನ ಉದ್ದವನ್ನು ಹೇಳಲು ಸಾಧ್ಯವೇ?

ಸುಮಾ (ಪ್ರಶ್ನೆ):
ನಮಸ್ಕಾರ. ಅಳಿದುಹೋದ ಮೆಗಲಡಾನ್ ಶಾರ್ಕಿನ ಗರಿಷ್ಠ ಉದ್ದವನ್ನು ಒಂದು ಲೇಖನದಲ್ಲಿ ಸುಮಾರು 15 ಮೀಟರ್ ಎಂದೂ, ಇನ್ನೊಂದರಲ್ಲಿ 20 ಎಂದೂ, ಇತ್ತೀಚಿನದೊಂದರಲ್ಲಿ 24 ಎಂದೂ ಓದಿದೆ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಪಳೆಯುಳಿಕೆಯಾಗಿ ಸಿಗುವುದು ಹೆಚ್ಚಾಗಿ ಹಲ್ಲುಗಳೇ. ಹಾಗಿದ್ದರೆ ಉತ್ತರಗಳು ಇಷ್ಟು ಬೇರೆಯಾಗಲು ಕಾರಣವೇನು? ವಸ್ತುಸಂಗ್ರಹಾಲಯದ ಫಲಕದಲ್ಲಿ 'ಹಲ್ಲಿನ ಉದ್ದ 14 ಸೆಂ.ಮೀ.' ಎಂದಿದ್ದರೆ ಅಷ್ಟರಿಂದಲೇ ಲೆಕ್ಕ ಹಾಕಬಹುದೇ?

ರಾಘವೇಂದ್ರ:
ಸುಮಾ ಅವರೇ, ಈ ಲೆಕ್ಕಗಳಲ್ಲಿ ಹೆಚ್ಚಿನವು ನಿಂತಿರುವುದು ಇಂದು ಬದುಕಿರುವ ಗ್ರೇಟ್ ವೈಟ್ ಶಾರ್ಕಿನ ಮೇಲೆ. ಉದ್ದ ಗೊತ್ತಿರುವ ಶಾರ್ಕುಗಳ ಹಲ್ಲುಗಳನ್ನು ಅಳೆದು, ದವಡೆಯ ಒಂದೊಂದು ಸ್ಥಾನದ ಹಲ್ಲಿಗೂ ಪಳೆಯುಳಿಕೆ ವಿಜ್ಞಾನಿ ಕೆನ್ಶು ಶಿಮಾಡ ಪ್ರತ್ಯೇಕ ಸಮೀಕರಣ ಕೊಟ್ಟರು. ಮೇಲ್ದವಡೆಯ ಮೊದಲ ಮುಂಭಾಗದ ಹಲ್ಲಾದರೆ, ಬೇರನ್ನು ಬಿಟ್ಟು ಮುಕುಟದ ಎತ್ತರವನ್ನಷ್ಟೇ ಮಿಲಿಮೀಟರಿನಲ್ಲಿ ಅಳೆದು, 11.522ರಿಂದ ಗುಣಿಸಿ, 5.234 ಕೂಡಿಸಿದರೆ ದೇಹದ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ, 40 ಮಿ.ಮೀ. ಮುಕುಟಕ್ಕೆ ಸುಮಾರು 4.66 ಮೀಟರ್. ಬದುಕಿರುವ ಪ್ರಭೇದದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಫಲಕದಲ್ಲಿರುವ 14 ಸೆಂ.ಮೀ. ಸಾಮಾನ್ಯವಾಗಿ ಬೇರನ್ನೂ ಸೇರಿಸಿದ ಓರೆ ಅಳತೆ. ಅದನ್ನು ಈ ಸೂತ್ರಕ್ಕೆ ಹಾಕಲೇಬಾರದು.

ಮೀನಾಕ್ಷಿ:
ಸ್ಥಾನದ ಮಾತಿಗೆ ನಾನು ಇನ್ನೂ ಹೆಚ್ಚು ಒತ್ತು ಕೊಡುತ್ತೇನೆ. ಇನ್ನೊಬ್ಬ ಪಳೆಯುಳಿಕೆ ವಿಜ್ಞಾನಿ ವಿಕ್ಟರ್ ಪೆರೆಜ್ ರೂಪಿಸಿದ ಶಾಲಾ ಪಾಠವೊಂದರಲ್ಲಿ, ಒಂದೇ ಮೆಗಲಡಾನ್‌ಗೆ ಸೇರಿದ ಹಲ್ಲುಗಳ 3ಡಿ ಮುದ್ರಿತ ಪ್ರತಿಗಳನ್ನು ಅಳೆದು ಮಕ್ಕಳು ಇದೇ ಸಮೀಕರಣಗಳಿಂದ ಲೆಕ್ಕ ಹಾಕಿದಾಗ, ಉತ್ತರಗಳು ಸುಮಾರು 12 ಮೀಟರಿನಿಂದ 45 ಮೀಟರಿನವರೆಗೆ ಹರಡಿಕೊಂಡವು. ದವಡೆಯ ಹಿಂಭಾಗಕ್ಕೆ ಹೋದಂತೆ ಹಲ್ಲು ಚಿಕ್ಕದು, ಗುಣಕ ದೊಡ್ಡದು. ಅಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವೂ ಉತ್ತರವನ್ನು ಬಹಳ ದೂರ ಒಯ್ಯುತ್ತದೆ. ಹೀಗಾಗಿಯೇ ಪೆರೆಜ್ ಮತ್ತು ಸಂಗಡಿಗರು 2021ರಲ್ಲಿ ಎತ್ತರವನ್ನು ಬಿಟ್ಟು, ಸಾಲಿನ ಹಲ್ಲುಗಳ ಮುಕುಟದ ಅಗಲಗಳನ್ನು ಕೂಡಿಸುವ ವಿಧಾನವನ್ನು ಮುಂದಿಟ್ಟರು. ನೀವು ಓದಿದ 20 ಮೀಟರ್ ಬಂದದ್ದು ಅಲ್ಲಿಂದ. ಹಲ್ಲುಗಳ ಸಾಲು ಬಾಯಿಯ ಅಗಲಕ್ಕೆ ನೇರವಾಗಿ ಬೆಸೆದುಕೊಂಡಿರುವುದರಿಂದ ಈ ದಾರಿ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ, ಆದರೆ ಒಂದೇ ಪ್ರಾಣಿಯ ಹಲ್ಲುಗಳು ಒಟ್ಟಿಗೆ ಸಿಗುವುದು ಅತಿ ವಿರಳ.

ರಾಘವೇಂದ್ರ:
ಒಪ್ಪುತ್ತೇನೆ. ಇನ್ನು 24 ಮೀಟರಿನ ವಿಷಯ: ಅದು ಹಲ್ಲಿನ ಲೆಕ್ಕವೇ ಅಲ್ಲ. ಬೆಲ್ಜಿಯಂನಲ್ಲಿ ಸಿಕ್ಕಿರುವ ಒಂದು ಮೆಗಲಡಾನ್‌ನ ಕಶೇರುಗಳನ್ನು (ಬೆನ್ನೆಲುಬಿನ ಮಣಿಗಳನ್ನು) ಸಾಲಾಗಿ ಜೋಡಿಸಿದರೆ ಅವುಗಳೇ 11.1 ಮೀಟರ್ ಆಗುತ್ತವೆ. ಅದೇ ಪ್ರಾಣಿಯ ಕಶೇರುಗಳ ವ್ಯಾಸವನ್ನು ಗ್ರೇಟ್ ವೈಟ್ ಶಾರ್ಕಿನ ಪ್ರಮಾಣಕ್ಕೆ ಹೋಲಿಸಿದಾಗ ಇಡೀ ದೇಹಕ್ಕೇ 9.2 ಮೀಟರ್ ಮಾತ್ರ ಬಂದಿತ್ತು! ಅಂದರೆ ಮೆಗಲಡಾನ್‌ನ ದೇಹ ಗ್ರೇಟ್ ವೈಟ್‌ನ ಹಿಗ್ಗಿಸಿದ ಪ್ರತಿಯಾಗಿರಲಿಲ್ಲ. ತಲೆ, ಬಾಲ ಸೇರಿಸಿ ಆ ಪ್ರಾಣಿ ಸುಮಾರು 16.4 ಮೀಟರ್ ಇದ್ದಿರಬೇಕೆಂದು 2025ರ ಅಧ್ಯಯನ ಅಂದಾಜಿಸಿತು. ಆ ಪ್ರಾಣಿಯ ಅತಿ ದೊಡ್ಡ ಕಶೇರಿನ ವ್ಯಾಸ 15.5 ಸೆಂ.ಮೀ., ಡೆನ್ಮಾರ್ಕಿನಲ್ಲಿ ದೊರೆತದ್ದು 23 ಸೆಂ.ಮೀ.; ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ 24.3 ಮೀಟರ್.

ಸುಮಾ:
ಇಬ್ಬರಿಗೂ ಧನ್ಯವಾದ. ಹಾಗಾದರೆ ಬಿಡಿ ಹಲ್ಲಿನ ಸ್ಥಾನವನ್ನು ಗುರುತಿಸುವುದು ಹೇಗೆ?

ಮೀನಾಕ್ಷಿ:
ಮುಂಭಾಗದ ಹಲ್ಲು ಎತ್ತರವಾಗಿ, ಹೆಚ್ಚುಕಡಿಮೆ ಸಮಪಾರ್ಶ್ವವಾಗಿರುತ್ತದೆ. ಪಕ್ಕದ ಹಲ್ಲುಗಳ ತುದಿ ಬಾಯಿಯ ಮೂಲೆಯತ್ತ ವಾಲಿರುತ್ತದೆ. ಕೆಳದವಡೆಯವು ಕಿರಿದಾಗಿದ್ದು, ಬೇರಿನ ಕವಲುಗಳ ನಡುವಿನ ತಗ್ಗು ಆಳವಾಗಿರುತ್ತದೆ. ಇಷ್ಟನ್ನು ನೋಡಿಯೂ ಸ್ಥಾನ ಖಚಿತವಾಗದಿದ್ದರೆ, ಒಂದೇ ಸಂಖ್ಯೆಯ ಬದಲು ಸಾಧ್ಯವಿರುವ ಎಲ್ಲ ಸ್ಥಾನಗಳಿಗೂ ಲೆಕ್ಕ ಹಾಕಿ, ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆದಿಡಿ.