ಅಪ್‌ಡೇಟ್: ಏರಿಯಾ ಗೊತ್ತಾಯಿತು, ಮನೆಯೂ ಸಿಕ್ಕಿತು

ಹೊಸ ಕೆಲಸಕ್ಕಾಗಿ ಸಂಸಾರ ಸಮೇತ ಊರು ಬದಲಾಯಿಸುತ್ತಿದ್ದೇವೆ, ಬಾಡಿಗೆ ಕೈಗೆಟಕುವ ಏರಿಯಾ ಹೇಗೆ ಆರಿಸೋದು ಅಂತ ಕೇಳಿದ್ದೆ. ಬಾಡಿಗೆ ಒಂದನ್ನೇ ನೋಡಬೇಡಿ, ಓಡಾಟದ ಖರ್ಚನ್ನೂ ಸೇರಿಸಿ ಎಂದು ಹಲವರು ಹೇಳಿದ್ದಿರಿ. ಅದೇ ಕೆಲಸಕ್ಕೆ ಬಂತು.

ಒಂದು ಹಾಳೆಯಲ್ಲಿ ಪ್ರತಿ ಏರಿಯಾ ಮುಂದೆ ಬಾಡಿಗೆ, ಮೆಂಟೆನೆನ್ಸ್, ಸ್ಕೂಲ್ ವ್ಯಾನ್, ಪೆಟ್ರೋಲ್ ಎಲ್ಲ ಬರೆದು ಕೂಡಿಸಿದೆವು. ಊರ ಹೊರಗಿನ ಅಗ್ಗದ ಮನೆಗೆ ಎರಡನೇ ಗಾಡಿ ಬೇಕೇ ಬೇಕಿತ್ತು. ಅದನ್ನು ಸೇರಿಸಿದ ಕೂಡಲೇ ಅದೇ ಎಲ್ಲಕ್ಕಿಂತ ದುಬಾರಿ! ಬಾಡಿಗೆ ಆದಾಯದ ಶೇ. 30 ದಾಟಬಾರದು ಅನ್ನೋ ಲೆಕ್ಕ ಇದೆಯಲ್ಲ, ಅದಕ್ಕೆ ಇದೆಲ್ಲ ಕಾಣುವುದೇ ಇಲ್ಲ.

ಕೊನೆಗೆ ಆರಿಸಿದ್ದು ಆಫೀಸಿಗೆ ತೀರಾ ಹತ್ತಿರವೂ ಅಲ್ಲದ, ದೂರವೂ ಅಲ್ಲದ ಏರಿಯಾ. ಮಕ್ಕಳು ಸ್ಕೂಲಿಗೆ ನಡೆದೇ ಹೋಗಬಹುದು, ನನಗೆ ಒಂದೇ ಬಸ್ ಸಾಕು. ಆಫೀಸ್ ಹೊತ್ತಿನಲ್ಲೇ ಹೋಗಿ ನೋಡಿದೆ. ಮ್ಯಾಪ್ ತೋರಿಸಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು, ಆದರೂ ಪರವಾಗಿಲ್ಲ. ಕತ್ತಲಾದ ಮೇಲೆ ಇಬ್ಬರೂ ಆ ಬೀದಿಯಲ್ಲಿ ಸುಮ್ನೆ ಅಡ್ಡಾಡಿದೆವು. ಮೂಲೆಯ ಬೀದಿದೀಪ ಕೆಟ್ಟಿತ್ತು, ಆದರೆ ಅದರ ಕೆಳಗೇ ಹುಡುಗರು ಇನ್ನೂ ಆಡುತ್ತಿದ್ದರು. ಕೆಳಗಿನ ಮನೆಯ ಅಜ್ಜಿಯನ್ನು ಮಾತಾಡಿಸಿದೆವು. ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಪಾರ್ಕಿಂಗ್‌ಗೆ ಯಾರು ಜಗಳ ತೆಗೆಯುತ್ತಾರೆ ಅಂತ ಬ್ರೋಕರ್ ಬಾಯಿ ಬಿಡದ್ದನ್ನೆಲ್ಲ ಅವರು ಹೇಳಿದರು.

ಬಿಡುವುದಾದರೆ ಒಂದು ತಿಂಗಳ ನೋಟಿಸ್ ಸಾಕು ಅಂತ ಕರಾರಿನಲ್ಲಿ ಬರೆಸಿದ್ದೇವೆ. ಸ್ವಂತ ಮನೆ ತಗೊಂಡುಬಿಡಿ ಎಂದಿದ್ದವರಿಗೆ: ಮೊದಲು ಪ್ರೊಬೇಷನ್ ಮುಗಿಯಲಿ ಮಾರಾಯ್ರೆ!