ಆಲ್ಮಾಲಿನಕ್ಸ್ 8ರ ಯಂತ್ರಗಳಲ್ಲಿ ಆನ್ಸಿಬಲ್ ಮಾಡ್ಯೂಲ್‌ಗಳು ಓಡುತ್ತಿಲ್ಲ

ಪ್ರಶ್ನೆ, ಸಾಗರದಿಂದ:

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಆಲ್ಮಾಲಿನಕ್ಸ್ 8 (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇರುವ ಆರು ಯಂತ್ರಗಳಿದ್ದು, ಹಲವು ಯಂತ್ರಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಆನ್ಸಿಬಲ್‌ನ ಮಾಡ್ಯೂಲ್‌ಗಳ (ಒಂದೊಂದು ಕೆಲಸ ಮಾಡುವ ಸಣ್ಣ ಪ್ರೋಗ್ರಾಂಗಳ) ಬಗ್ಗೆ ಶನಿವಾರ ವಿದ್ಯಾರ್ಥಿಗಳಿಗೆ ತರಬೇತಿ ಇಟ್ಟುಕೊಂಡಿದ್ದೇನೆ. ಮೊನ್ನೆ ಮಳೆ ಜೋರಾಗಿ ಕರೆಂಟು ಹೋಗುವ ಮೊದಲೇ ಮುಗಿಸೋಣವೆಂದು, ಉಬುಂಟು 24.04 ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಆನ್ಸಿಬಲ್‌ನ ತಿರುಳಾದ ಆನ್ಸಿಬಲ್-ಕೋರ್ ಅನ್ನು 2.17ಕ್ಕೆ ಏರಿಸಿದೆ. ಅಂದಿನಿಂದ, ಸಂಪರ್ಕ ಸರಿಯಿದೆಯೇ ಎಂದು ನೋಡುವ ಪಿಂಗ್ ಮಾಡ್ಯೂಲ್ ಕೂಡ 'ಫ್ಯೂಚರ್ ಫೀಚರ್ ಅನೋಟೇಶನ್ಸ್ ಈಸ್ ನಾಟ್ ಡಿಫೈನ್ಡ್' ಎಂಬ ಸಿಂಟ್ಯಾಕ್ಸ್ ದೋಷ ತೋರಿಸಿ ನಿಲ್ಲುತ್ತಿದೆ. ಒಂದು ಯಂತ್ರಕ್ಕೆ ಪೈಥಾನ್ 3.9 ಹಾಕಿ, ಇನ್ವೆಂಟರಿಯಲ್ಲಿ (ಯಂತ್ರಗಳ ಪಟ್ಟಿಯ ಕಡತದಲ್ಲಿ) ಇಂಟರ್‌ಪ್ರಿಟರ್ ಅನ್ನು, ಅಂದರೆ ಮಾಡ್ಯೂಲ್ ಓಡಿಸುವ ಪೈಥಾನ್ ಅನ್ನು, ಅದಕ್ಕೆ ತಿರುಗಿಸಿದಾಗ ಪಿಂಗ್ 'ಪಾಂಗ್' ಎಂದಿತು. ಆದರೆ ತಂತ್ರಾಂಶ ಅಳವಡಿಸುವ ಡಿಎನ್‌ಎಫ್ ಮಾಡ್ಯೂಲ್ ಮಾತ್ರ ತನಗೆ ಬೇಕಾದ ಪೈಥಾನ್ ಲೈಬ್ರರಿ ಸಿಗಲಿಲ್ಲವೆಂದು ಕೈಚೆಲ್ಲಿತು.

ಉತ್ತರ, ತೀರ್ಥಹಳ್ಳಿಯಿಂದ:

ದೋಷ ನಿಮ್ಮ ಪ್ಲೇಬುಕ್ಕಿನಲ್ಲಿಲ್ಲ (ಆನ್ಸಿಬಲ್ ಮಾಡಬೇಕಾದ ಕೆಲಸಗಳನ್ನು ಬರೆದ ಕಡತ). ಆನ್ಸಿಬಲ್‌ನ ಬಹುಪಾಲು ಮಾಡ್ಯೂಲ್‌ಗಳು ಲ್ಯಾಪ್‌ಟಾಪಿನಲ್ಲಲ್ಲ, ಎದುರಿನ ಯಂತ್ರಕ್ಕೆ ರವಾನೆಯಾಗಿ ಅಲ್ಲಿನ ಪೈಥಾನ್‌ನಲ್ಲಿ ಓಡುತ್ತವೆ. ಆಲ್ಮಾಲಿನಕ್ಸ್ 8ರ ಮೂಲ ಪೈಥಾನ್ 3.6, ಆನ್ಸಿಬಲ್-ಕೋರ್ 2.17 ಎದುರಿನ ಯಂತ್ರದಲ್ಲಿ ಕನಿಷ್ಠ 3.7 ಕೇಳುತ್ತದೆ. ನೀವು ಕಂಡ 'ಅನೋಟೇಶನ್ಸ್' ಪೈಥಾನ್‌ಗೆ ಬಂದದ್ದೇ 3.7ರಲ್ಲಿ.

3.9 ಹಾಕಿದ್ದು ಅರ್ಧ ದಾರಿಯಷ್ಟೇ, ಏಕೆಂದರೆ ಡಿಎನ್‌ಎಫ್‌ನ ಪೈಥಾನ್ ಲೈಬ್ರರಿಗಳು ವ್ಯವಸ್ಥೆಯ 3.6ಕ್ಕೇ ಕಟ್ಟಿಬಿದ್ದಿವೆ. ಅವನ್ನು 3.9ಕ್ಕೆ ಒಗ್ಗಿಸಲು ಹೋಗಿ ನಾನೊಮ್ಮೆ ಇಡೀ ರಾತ್ರಿ ಕಳೆದಿದ್ದೇನೆ, ನೀವು ಆ ತಂಟೆಗೆ ಹೋಗಬೇಡಿ. ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ (ಉಳಿದದ್ದಕ್ಕೆ ತಾಕದ ಪೈಥಾನ್ ಆವರಣ) ಮಾಡಿ, ಅದರೊಳಗೆ ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್ ಮೂಲಕ 2.17ಕ್ಕಿಂತ ಕೆಳಗಿನ, ಅಂದರೆ 2.16ರ ಸಾಲಿನ ಆನ್ಸಿಬಲ್-ಕೋರ್ ಹಾಕಿ, ಇನ್ವೆಂಟರಿಯಲ್ಲಿ ಬರೆದ 3.9ರ ಸಾಲನ್ನು ಅಳಿಸಿ. ಉಬುಂಟು 24.04ರ ಪೈಥಾನ್ 3.12 ಈ 2.16ಕ್ಕೆ ಒಪ್ಪುತ್ತದೆ, ಎದುರಿನ 3.6 ಕೂಡ.

ಇದು ಶನಿವಾರದ ಮಟ್ಟಿಗಿನ ಉಪಾಯ. 2.16ರ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ, ಆಲ್ಮಾಲಿನಕ್ಸ್ 8ಕ್ಕೆ ಭದ್ರತಾ ಪರಿಷ್ಕರಣೆಗಳು 2029ರವರೆಗೆ ಬರುತ್ತವೆ. ಈ ಅಂತರವೇ ಕಿರಿಕಿರಿಯ ಮೂಲ. ರಜೆಯಲ್ಲಿ ಯಂತ್ರಗಳನ್ನು ಆಲ್ಮಾಲಿನಕ್ಸ್ 9ಕ್ಕೆ ಬದಲಿಸಿದರೆ ಅಲ್ಲಿ ಪೈಥಾನ್ 3.9 ಮೂಲದಲ್ಲೇ ಇರುತ್ತದೆ. ತರಬೇತಿಯಲ್ಲಿ, ಆಜ್ಞೆಯನ್ನು ನೇರವಾಗಿ ಕಳಿಸುವ ರಾ ಮಾಡ್ಯೂಲ್ ಅನ್ನೂ ತೋರಿಸಿ. ಎದುರಿನ ಯಂತ್ರದಲ್ಲಿ ಪೈಥಾನ್ ಇಲ್ಲದಿದ್ದರೂ ಅದು ಓಡುವುದನ್ನು ಕಂಡರೆ ಉಳಿದ ಮಾಡ್ಯೂಲ್‌ಗಳಿಗೆ ಪೈಥಾನ್ ಏಕೆ ಬೇಕೆಂಬುದು ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುತ್ತದೆ.

ಮರುಉತ್ತರ, ಸಾಗರದಿಂದ:

2.16 ಹಾಕಿ ಡಿಎನ್‌ಎಫ್ ಮೂಲಕ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಅಳವಡಿಸಿದೆ. ಆರೂ ಸಾಲುಗಳಲ್ಲಿ ಹಳದಿ 'ಚೇಂಜ್ಡ್' ಬಂತು, ಅದೇ ಪ್ಲೇಬುಕ್ಕನ್ನು ಎರಡನೇ ಸಲ ಓಡಿಸಿದಾಗ ಆರೂ ಹಸಿರು 'ಓಕೆ' ಆದವು. ಧನ್ಯವಾದಗಳು.